ಕಸ ಹಾಕಬೇಡಿ ಎನ್ನುವವರೇ, ಎಲ್ಲಿ ಹಾಕಬೇಕೆಂದು ಹೇಳಿ

ನಮ್ಮ ಮೀನುಗಾರಿಕೆ ಬಂದರಿನ ಗೇಟಿನಿಂದ ಹರಾಜು ಕಟ್ಟೆಯವರೆಗೆ ಫಲಕಗಳೇ ಫಲಕಗಳು. ಕಸ ಎಸೆದರೆ ದಂಡ. ಎಣ್ಣೆ ಸುರಿದರೆ ದಂಡ. ಪ್ಲಾಸ್ಟಿಕ್ ನಿಷೇಧಿಸಲಾಗಿದೆ. ಇಷ್ಟೆಲ್ಲ ಬರೆಸಿದವರಿಗೆ ಮುಚ್ಚಳವಿರುವ ಒಂದು ತೊಟ್ಟಿ ಇಡಲು, ಹಳೆಯ ಎಂಜಿನ್ ಆಯಿಲ್ ಸುರಿಯಲು ಒಂದು ಟ್ಯಾಂಕ್ ಕೂರಿಸಲು ಇಷ್ಟು ವರ್ಷಗಳಲ್ಲಿ ಸಾಧ್ಯವಾಗಿಲ್ಲ. ಸಭೆಗಳಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಂದು ಬರೆದೇ ಬಿಡುತ್ತೇನೆ.

ನಾನು ಟ್ರಾಲ್ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುವವನು. ಆಳಸಮುದ್ರಕ್ಕೆ ಹೋದರೆ ವಾರ, ಹತ್ತು ದಿನ ಎಂಜಿನ್‌ಗೆ ವಿಶ್ರಾಂತಿ ಇಲ್ಲ. ದಡ ಸೇರಿದ ಮೇಲೆ ಆಯಿಲ್ ಬದಲಿಸಲೇಬೇಕು, ಫಿಲ್ಟರ್ ತೆಗೆಯಲೇಬೇಕು. ಕಪ್ಪಾದ ಆಯಿಲ್ ಕ್ಯಾನುಗಳಿಗೆ ಇಳಿಯುತ್ತದೆ. ಆಮೇಲೆ ಅದನ್ನು ಎಲ್ಲಿಗೆ ಒಯ್ಯಬೇಕು? ಅದು ಅಪಾಯಕಾರಿ ತ್ಯಾಜ್ಯ, ಪರವಾನಗಿ ಪಡೆದ ಮರುಬಳಕೆ ಘಟಕಕ್ಕೇ ಹೋಗಬೇಕು ಎಂದು 2016ರ ನಿಯಮಗಳಲ್ಲಿದೆ. ಒಳ್ಳೆಯ ನಿಯಮ. ಆದರೆ ಆ ಪರವಾನಗಿದಾರರು ಯಾರು, ಬೋಟು ನಿಲ್ಲುವ ನಮ್ಮ ದಕ್ಕೆಗೆ ಯಾವ ದಿನ ಬರುತ್ತಾರೆ, ಎಲ್ಲಿ ನಿಂತು ಕ್ಯಾನು ತೆಗೆದುಕೊಳ್ಳುತ್ತಾರೆ? ಕಚೇರಿಯಲ್ಲಿ ಕೇಳಿದರೆ ಒಬ್ಬರು ಇನ್ನೊಬ್ಬರ ಕೋಣೆ ತೋರಿಸುತ್ತಾರೆ. ಗುಜರಿಯವನು ಬಂದಾಗ ಸ್ವಲ್ಪ ಹೋಗುತ್ತದೆ. ಸೆಂಟ್ರಿಂಗ್ ಹಲಗೆಗೆ ಬಳಿಯುವವರು ಸ್ವಲ್ಪ ಒಯ್ಯುತ್ತಾರೆ. ಉಳಿದದ್ದು ಕತ್ತಲಾದ ಮೇಲೆ ನೀರಿಗೆ ಬೀಳುತ್ತದೆ. ಹಾಗೆ ಸುರಿಯುವ ನಮ್ಮವರ ಮೇಲೂ ನನಗೆ ಸಿಟ್ಟಿದೆ, ಅವರ ಮುಖಕ್ಕೇ ಬೈದಿದ್ದೇನೆ. ಬೈಸಿಕೊಂಡವನು ತಿರುಗಿ ಕೇಳುವುದು ಒಂದೇ ಮಾತು: "ಹಾಗಾದರೆ ಎಲ್ಲಿ ಹಾಕಲಿ, ಅದನ್ನು ಹೇಳಿ ಅಣ್ಣಾ." ನನ್ನಲ್ಲಿ ಉತ್ತರವಿಲ್ಲ. ಇರಬೇಕಾದದ್ದು ಯಾರಲ್ಲೋ ಅವರಲ್ಲೂ ಇಲ್ಲ.

ಬೋಟಿನ ತಳದಲ್ಲಿ ಸೇರುವ ನೀರಿನದ್ದೂ ಇದೇ ಕಥೆ. ಡೀಸೆಲ್, ಗ್ರೀಸ್, ಮೀನಿನ ರಕ್ತ ಎಲ್ಲವೂ ಅದರಲ್ಲಿ ಬೆರೆತಿರುತ್ತದೆ. ಪಂಪ್ ಹಾಕಿ ತೆಗೆಯದಿದ್ದರೆ ಬೋಟಿಗೇ ಅಪಾಯ. ಎಣ್ಣೆಯನ್ನು ಬೇರ್ಪಡಿಸುವ ವ್ಯವಸ್ಥೆ ದಡದಲ್ಲಿ ಇದ್ದರೆ ಅಲ್ಲಿಗೆ ಕೊಡಬಹುದಿತ್ತು. ಇಲ್ಲದ ಕಾರಣ ಅದೂ ಬಂದರಿನ ನೀರಿಗೇ. ಅಲೆ ತಡೆಗೋಡೆ ಕಟ್ಟಿ ನಿಲ್ಲಿಸಿದ ನೀರು ಇದು. ನಮ್ಮ ಕರಾವಳಿಯ ಉಬ್ಬರವಿಳಿತ ಗುಜರಾತಿನ ಖಂಭಾತ್ ಕೊಲ್ಲಿಯಷ್ಟು ದೊಡ್ಡದಲ್ಲ, ಒಳಗಿನ ಕೊಳೆಯನ್ನೆಲ್ಲ ಒಮ್ಮೆಲೇ ಹೊರಗೆ ಎಳೆದೊಯ್ಯುವ ಬಲ ಅದಕ್ಕಿಲ್ಲ. ಮೇಲೆ ಎಣ್ಣೆಯ ಪೊರೆ, ಕೆಳಗೆ ಕೊಳೆತ ಮೀನಿನ ಹೂಳು. ನೀರಿನಲ್ಲಿರುವ ಅಷ್ಟಿಷ್ಟು ಆಮ್ಲಜನಕವನ್ನೂ ಆ ಕೊಳೆ ತಿಂದು ಹಾಕುತ್ತದೆ.

ಅದೇ ನೀರಿನಲ್ಲಿ ಹರಾಜು ಕಟ್ಟೆ ತೊಳೆಯುತ್ತಾರೆ. ಮೀನಿನ ಬುಟ್ಟಿಯನ್ನೂ ಅದೇ ನೀರಿಗೆ ಅದ್ದಿ ತೆಗೆಯುತ್ತಾರೆ. ಬೋಟಿನಲ್ಲಿ ಶೌಚಾಲಯವಿಲ್ಲ. ಒಡಿಶಾ, ಆಂಧ್ರ, ಜಾರ್ಖಂಡ್‌ಗಳಿಂದ ಬಂದ ಹುಡುಗರು ಬೋಟಿನಲ್ಲೇ ಅಡುಗೆ ಮಾಡಿ, ಅಲ್ಲೇ ಮಲಗುತ್ತಾರೆ. ದಡದ ಶೌಚಾಲಯದ ಬಾಗಿಲಿಗೆ ಬೀಗ. ಅವರು ಎಲ್ಲಿಗೆ ಹೋಗಬೇಕು? ಬೂತಾಯಿ, ಬಂಗುಡೆ ಕೊಂಡು ಮನೆಗೆ ಒಯ್ಯುವವರು ಈ ಒಂದು ವಿಷಯಕ್ಕಾದರೂ ನಮ್ಮ ಜೊತೆ ದನಿ ಎತ್ತಬೇಕು. 1997ರಲ್ಲಿ ಯುರೋಪಿನ ಒಕ್ಕೂಟ ನೈರ್ಮಲ್ಯದ ಕಾರಣಕ್ಕೆ ಭಾರತದ ಮೀನಿನ ಆಮದನ್ನೇ ಕೆಲಕಾಲ ನಿಲ್ಲಿಸಿತ್ತು. ಆಗ ರಫ್ತು ಮಾಡುವ ಕಾರ್ಖಾನೆಗಳು ತರಾತುರಿಯಲ್ಲಿ ಬದಲಾದವು. ನಮ್ಮ ಊರಿನವರು ತಿನ್ನುವ ಮೀನು ಇಳಿಯುವ ಕಟ್ಟೆಗೆ ಆ ಆತುರ ಬರಲಿಲ್ಲ.

ನನಗೆ ತಡೆಯಲಾರದಷ್ಟು ಸಿಟ್ಟು ಬಂದದ್ದು ಗೋಣಿಚೀಲಗಳ ವಿಷಯಕ್ಕೆ. ಟ್ರಾಲ್ ಬಲೆ ಕಡಲ ತಳವನ್ನು ಗೋರಿಕೊಂಡು ಬರುತ್ತದೆ. ಬಲೆ ಬಿಚ್ಚಿದರೆ ಮೀನಿನ ಜೊತೆಗೆ ಹಾಲಿನ ಪ್ಯಾಕೆಟ್, ಗುಟ್ಕಾ ಚೀಟಿ, ಚಪ್ಪಲಿ, ಮಕ್ಕಳ ಡಯಾಪರ್, ಯಾರದೋ ಹರಿದ ಬಲೆಯ ತುಂಡು. ಇದರಲ್ಲಿ ಬಹಳಷ್ಟು ಮಳೆಗಾಲದಲ್ಲಿ ಹೊಳೆಗಳು ಊರುಗಳಿಂದ ಹೊತ್ತು ತಂದದ್ದು. ಹರಿದ ಬಲೆಯಂತೂ ಬಹಳ ಕೆಟ್ಟದ್ದು. ನೈಲಾನ್ ಕೊಳೆಯುವುದಿಲ್ಲ. ಯಾರ ಕೈಯಲ್ಲೂ ಇಲ್ಲದಿದ್ದರೂ ನೀರಿನಲ್ಲಿದ್ದುಕೊಂಡು ಮೀನು, ಏಡಿ, ಆಮೆಗಳನ್ನು ಹಿಡಿದು ಕೊಲ್ಲುತ್ತಲೇ ಇರುತ್ತದೆ. ಬೋಟು ನಡೆಸುವ ನಮ್ಮ ತಾಂಡೇಲರು ಹಳೆಯ ಕಾಲದ ಮನುಷ್ಯ, ಕಡಲನ್ನು ತಾಯಿ ಎಂದೇ ಕರೆಯುವವರು. ಬಲೆಗೆ ಬಂದ ಕಸವನ್ನು ತಿರುಗಿ ನೀರಿಗೆ ಹಾಕಬಾರದು ಎಂಬುದು ನಮ್ಮ ಬೋಟಿನಲ್ಲಿ ಅವರ ಕಟ್ಟಪ್ಪಣೆ. ಮೀನು ಆರಿಸಿ, ಮಂಜುಗಡ್ಡೆ ಹಾಕಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಹುಡುಗರು ಆ ಕಸವನ್ನೂ ಬೇರೆ ಮಾಡಿ ಗೋಣಿಗೆ ತುಂಬುತ್ತಾರೆ. ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ.

ಕಳೆದ ಬಾರಿ ಆ ಗೋಣಿಗಳನ್ನು ದಕ್ಕೆಯ ಮೂಲೆಯಲ್ಲಿ ಇಳಿಸಿದೆವು. ಸಮವಸ್ತ್ರ ತೊಟ್ಟ ಒಬ್ಬರು ಬಂದು, "ಇದನ್ನು ಇಲ್ಲಿ ಯಾರು ಇಟ್ಟದ್ದು? ತೆಗೆಯಿರಿ, ಇಲ್ಲವಾದರೆ ದಂಡ ಬರೆಯುತ್ತೇನೆ" ಎಂದರು. ತಾಂಡೇಲರು ಕೈ ಮುಗಿದು, "ಕಡಲಿನಿಂದ ತಂದದ್ದು ಸ್ವಾಮಿ, ಎಲ್ಲಿ ಇಡಬೇಕು ಹೇಳಿ, ನಾವೇ ಹೊತ್ತು ಇಡುತ್ತೇವೆ" ಎಂದರು. "ಅದು ನಿಮಗೆ ಬಿಟ್ಟದ್ದು" ಎಂಬ ಉತ್ತರ ಬಂತು. ಮಗನ ವಯಸ್ಸಿನವನಿಂದ, ಹತ್ತಾರು ಜನರ ಎದುರು. ಪಕ್ಕದ ಬೋಟಿನವರು ನೋಡುತ್ತಾ ನಿಂತಿದ್ದರು. ಕಸವನ್ನು ಕಡಲಿನಲ್ಲೇ ಬಿಟ್ಟು ಬಂದ ಆ ಬೋಟಿಗೆ ಯಾರೂ ಒಂದು ಮಾತು ಹೇಳಲಿಲ್ಲ. ತಂದವರಿಗೆ ದಂಡದ ಬೆದರಿಕೆ ಹಾಕಿದರೆ ಮುಂದೆ ಯಾರು ತರುತ್ತಾರೆ? ಮರುದಿನ ನಮ್ಮ ಹುಡುಗನೊಬ್ಬ ಕೇಳಿದ, ಇನ್ನು ಮುಂದೆಯೂ ಗೋಣಿ ತುಂಬಬೇಕೇ ಎಂದು. ತಾಂಡೇಲರು ತುಂಬಬೇಕು ಎಂದರು. ಆ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ನನ್ನ ಹೊಟ್ಟೆ ಉರಿದದ್ದು ಅದಕ್ಕೆ.

ಹಡಗುಗಳಿಂದ ಆಗುವ ಮಾಲಿನ್ಯ ತಡೆಯಲು ಮಾರ್ಪೋಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದವಿದೆ. ಅದರ ಐದನೆಯ ಅನುಬಂಧ 1988ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ, ಭಾರತವೂ ಒಪ್ಪಿಕೊಂಡಿದೆ. ಬಲೆಯೂ ಸೇರಿ ಯಾವ ಪ್ಲಾಸ್ಟಿಕ್ಕನ್ನೂ ಕಡಲಿಗೆ ಎಸೆಯಬಾರದು ಎಂದು ಅದು ಹೇಳುತ್ತದೆ. ತರಬೇತಿ ಶಿಬಿರಗಳಲ್ಲಿ ಈ ಸಾಲನ್ನು ನಮಗೆ ಓದಿ ಹೇಳುತ್ತಾರೆ. ಹಡಗುಗಳಿಂದ ಬರುವ ಕಸವನ್ನು ತೆಗೆದುಕೊಳ್ಳಲು ಬಂದರುಗಳಲ್ಲಿ ಸಾಕಷ್ಟು ವ್ಯವಸ್ಥೆ ಇರುವಂತೆ ಸರ್ಕಾರ ನೋಡಿಕೊಳ್ಳಬೇಕು ಎಂಬುದೂ ಅದೇ ಅನುಬಂಧದಲ್ಲಿದೆ. ಅದನ್ನು ಯಾವ ಶಿಬಿರದಲ್ಲೂ ನಾನು ಕೇಳಿಲ್ಲ.

ಆಗದ ಕೆಲಸ ಎನ್ನಬೇಡಿ. ಪಕ್ಕದ ಕೇರಳದಲ್ಲಿ, ಕೊಲ್ಲಂನ ನೀಂಡಕರ ಬಂದರಿನಲ್ಲಿ 2017ರಲ್ಲಿ ಶುಚಿತ್ವ ಸಾಗರಂ ಯೋಜನೆ ಶುರು ಮಾಡಿದರು. ಬೋಟಿನವರಿಗೆ ಚೀಲ ಕೊಟ್ಟರು, ಬಲೆಗೆ ಬಂದ ಪ್ಲಾಸ್ಟಿಕ್ಕನ್ನು ದಡದಲ್ಲಿ ತೆಗೆದುಕೊಂಡರು. ಮಹಿಳೆಯರಿಗೆ ಅದನ್ನು ತೊಳೆದು ಬೇರ್ಪಡಿಸುವ ಕೆಲಸ ಸಿಕ್ಕಿತು. ಚೂರು ಮಾಡಿದ ಪ್ಲಾಸ್ಟಿಕ್ಕನ್ನು ಡಾಂಬರಿಗೆ ಬೆರೆಸಿ ರಸ್ತೆ ಹಾಕಿದರು. ಅಲ್ಲಿಯವರೂ ನಮ್ಮಂತೆಯೇ ಅರಬ್ಬಿ ಸಮುದ್ರದಲ್ಲಿ ಬಲೆ ಬೀಸುವವರು. ಗೋಣಿ ತುಂಬುವ ಕೈ ನಮ್ಮಲ್ಲೂ ಇದೆ, ತೆಗೆದುಕೊಳ್ಳುವ ಕೈ ಇಲ್ಲ.

ಮೀನಿನ ಲಾರಿಗಳ ಬಗ್ಗೆ ಒಂದು ಮಾತು. ಬಂದರಿನಲ್ಲಿ ನೀರು ಇಳಿಸಿ ಹೋಗಲು ಸರಿಯಾದ ಜಾಗ, ಚರಂಡಿ ಇಲ್ಲ. ಲಾರಿಗಳು ರಕ್ತದ ನೀರನ್ನು ಹೆದ್ದಾರಿಯುದ್ದಕ್ಕೂ ಚೆಲ್ಲುತ್ತಾ ಹೋಗುತ್ತವೆ, ಬೈಕಿನವರು ಜಾರಿ ಬೀಳುತ್ತಾರೆ. ಊರಿನವರು ಮೂಗು ಮುಚ್ಚಿಕೊಂಡು ಬೈಯುವುದು ಮೀನುಗಾರರನ್ನು. ಬೆಳಗಿನ ಜಾವದಿಂದ ಆ ಕೊಳಚೆಯಲ್ಲೇ ಕಾಲಿಟ್ಟು ಮೀನು ಕೊಳ್ಳುವ, ತಲೆಯ ಮೇಲೆ ಬುಟ್ಟಿ ಹೊತ್ತು ಮಾರಲು ಹೋಗುವ ಅಕ್ಕಂದಿರ ಪಾದಗಳನ್ನು ಒಮ್ಮೆ ನೋಡಿ. ಬೆರಳ ಸಂದಿಯ ಹುಣ್ಣು ಅವರಿಗೆ ವರ್ಷವಿಡೀ ವಾಸಿಯಾಗುವುದಿಲ್ಲ.

ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. 61 ದಿನ ದಕ್ಕೆ ಖಾಲಿ ಇರುತ್ತದೆ. ಮಳೆಯ ನೆಪ ಹೇಳಬೇಡಿ. ಒಂದು ಟ್ಯಾಂಕ್, ನಾಲ್ಕು ತೊಟ್ಟಿ, ಹರಿದ ಬಲೆ ಹಾಕಲು ಒಂದು ಶೆಡ್, ಬೀಗ ತೆಗೆದ ಶೌಚಾಲಯ, ಕಟ್ಟೆ ತೊಳೆಯಲು ಶುದ್ಧ ನೀರಿನ ನಲ್ಲಿ. ಇಷ್ಟಕ್ಕೆ ಮಳೆ ಅಡ್ಡಿಯಾಗುವುದಿಲ್ಲ. ಆಗಸ್ಟಿನಲ್ಲಿ ಮೊದಲ ಬೋಟ್ ಮೀನು ಇಳಿಸುವ ಹೊತ್ತಿಗೆ ಇವು ದಕ್ಕೆಯಲ್ಲಿ ಇರಬೇಕು.

ಬೋಟಿನಿಂದ, ಲಾರಿಯಿಂದ, ಅಂಗಡಿಯಿಂದ ವರ್ಷವಿಡೀ ಶುಲ್ಕ ವಸೂಲಿ ಮಾಡುತ್ತಾರೆ. ಅದರಲ್ಲಿ ಕಸ ವಿಲೇವಾರಿಗೆ ಎಷ್ಟು ಖರ್ಚಾಯಿತು, ಗುತ್ತಿಗೆ ಯಾರಿಗಿದೆ, ಹಳೆಯ ಆಯಿಲ್ ಎಷ್ಟು ಲೀಟರ್ ಸಂಗ್ರಹವಾಯಿತು ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಬರೆದಿದ್ದೇನೆ, ಸೋಮವಾರ ಕೊಡುತ್ತೇನೆ. ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕು. ಬೇರೆ ಬಂದರುಗಳಲ್ಲಿ ದುಡಿಯುವವರು ತಮ್ಮ ತಮ್ಮ ಕಚೇರಿಗೆ ಇವೇ ಮೂರು ಪ್ರಶ್ನೆ ಕಳುಹಿಸಿ.