ಬೆಣ್ಣೆಹಣ್ಣು ಹಕ್ಕಿಗಳಿಗೆ ಬೇಡವೇ ಬೇಡ

ಸಾಕುಹಕ್ಕಿಗಳ ಆಹಾರದ ಬಗೆಗಿನ ನಿಮ್ಮ ಲೇಖನದಲ್ಲಿರುವ ‘ನಾವು ತಿನ್ನುವ ಹಣ್ಣನ್ನೆಲ್ಲ ಚೆನ್ನಾಗಿ ತೊಳೆದು ಕೊಟ್ಟರೆ ಸಾಕು’ ಎಂಬ ಸಾಲನ್ನು ದಯವಿಟ್ಟು ತಿದ್ದಿ. ಬೆಣ್ಣೆಹಣ್ಣನ್ನು ಎಷ್ಟು ತೊಳೆದರೂ ಅದರೊಳಗಿನ ಪರ್ಸಿನ್ ಎಂಬ ವಿಷಾಂಶ ಹೋಗುವುದಿಲ್ಲ. ನಮಗೆ ಏನೂ ಮಾಡದ ಆ ಅಂಶ ಹಕ್ಕಿಗಳ ಹೃದಯಕ್ಕೇ ಪೆಟ್ಟು ಕೊಡುತ್ತದೆ. ಬಜ್ರಿಗರ್ ಎಂಬ ಪುಟ್ಟ ಸಾಕುಗಿಳಿ ತೂಗುವುದೇ 30–40 ಗ್ರಾಂ. ಅದಕ್ಕೆ ಸಣ್ಣ ತುಂಡೂ ಅಪಾಯಕಾರಿ. ಸೇಬು ಕೊಡಬಹುದು, ಬೀಜ ಪೂರ್ತಿ ತೆಗೆದು.

ಬರೀ ನವಣೆ ಹಾಕಿ ಸಾಕಬಾರದು ಎಂಬ ಲೇಖನದ ಮಾತನ್ನು ಮಾತ್ರ ಪೂರ್ಣವಾಗಿ ಒಪ್ಪುತ್ತೇನೆ, ಕಾಳಿನಲ್ಲಿ ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಹೊಸ ತಿಂಡಿಯನ್ನು ಅವು ಮೊದಲ ದಿನವೇ ಮುಟ್ಟುವುದಿಲ್ಲ. ನಮ್ಮ ಮನೆಯ ಜೋಡಿ ಕ್ಯಾರೆಟ್ ತುರಿಯನ್ನು ಮೂರು ವಾರ ದೂರದಿಂದಲೇ ನೋಡಿತು. ಕೊತ್ತಂಬರಿ ಸೊಪ್ಪಿನ ಕಟ್ಟನ್ನು ನೀರು ತೊಟ್ಟಿಕ್ಕುವಂತೆಯೇ ಪಂಜರದ ಸರಳಿಗೆ ಸಿಕ್ಕಿಸಿದಾಗ ಹೆಣ್ಣು ಹಕ್ಕಿ ಮೊದಲು ಅದರಲ್ಲಿ ಮೈ ಉಜ್ಜಿ ಸ್ನಾನ ಮಾಡಿತು, ಆಮೇಲೆ ಎಲೆಯ ಅಂಚು ಕಚ್ಚಿತು. ಅಂದಿನಿಂದ ಸೊಪ್ಪು ತಪ್ಪಿಲ್ಲ.

ಇನ್ನೊಂದು ಮಾತು ಲೇಖನದಲ್ಲಿ ಬಿಟ್ಟುಹೋಗಿದೆ: ನಮ್ಮ ಬೇಸಿಗೆಯಲ್ಲಿ ಹೆಚ್ಚಿದ ಹಣ್ಣು ಬೇಗ ಹುಳಿಯುತ್ತದೆ. ಬೆಳಿಗ್ಗೆ ಇಟ್ಟದ್ದನ್ನು ಎರಡು ಗಂಟೆಯೊಳಗೆ ತೆಗೆದು ಬಟ್ಟಲು ತೊಳೆದಿಡಿ.