ಪ್ರವಾಸ ವೈರಾಗ್ಯ

ನಮ್ಮ ಹಿರಿಯರು ಬಾಳಿಕೆ ಬಾರದ ವೈರಾಗ್ಯಗಳನ್ನು ಮೂರಾಗಿ ವಿಂಗಡಿಸಿದ್ದರು. ಚಿತೆಯ ಎದುರು ಹುಟ್ಟಿ, ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಇಳಿದುಹೋಗುವುದು ಸ್ಮಶಾನ ವೈರಾಗ್ಯ. ಹೆರಿಗೆಯ ನೋವಿನಲ್ಲಿ ಹುಟ್ಟಿ, ಮಗುವಿನ ಮುಖ ಕಂಡೊಡನೆ ಮರೆತುಹೋಗುವುದು ಪ್ರಸೂತಿ ವೈರಾಗ್ಯ. ಪುರಾಣ ಕೇಳುವಾಗ ಹುಟ್ಟಿ, ಹೊರಗೆ ಬಿಟ್ಟ ಚಪ್ಪಲಿ ಕಾಣದಾದಾಗ ಸತ್ತುಹೋಗುವುದು ಪುರಾಣ ವೈರಾಗ್ಯ. ಅವರ ಕಾಲದಲ್ಲಿ ಸಂಬಳಸಹಿತ ರಜೆ ಇರಲಿಲ್ಲವಾದ್ದರಿಂದ ನಾಲ್ಕನೆಯದು ಪಟ್ಟಿಗೆ ಸೇರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1936ರ ಒಡಂಬಡಿಕೆಯಲ್ಲಿ ವರ್ಷಕ್ಕೆ ಕನಿಷ್ಠ 6 ಕೆಲಸದ ದಿನಗಳ ಸಂಬಳಸಹಿತ ರಜೆ ಇರಬೇಕೆಂದಿತು, 1970ರಲ್ಲಿ ಅದನ್ನು 3 ವಾರಗಳಿಗೆ ಏರಿಸಿತು. ದುಡಿದು ದಣಿದ ಜೀವ ಸ್ವಲ್ಪ ಮಲಗಲಿ ಎಂಬುದಷ್ಟೇ ಆ ಪುಣ್ಯಾತ್ಮರ ಆಶಯವಾಗಿದ್ದಿರಬೇಕು. ಜನ ಆ ಮೂರು ವಾರಗಳಲ್ಲಿ ಮಲಗುವುದನ್ನು ಬಿಟ್ಟು ಆತ್ಮಸಾಕ್ಷಾತ್ಕಾರ ಮಾಡಿಕೊಂಡು ಬಂದಾರು, ಬಂದು ಮಲಗಿದ್ದವರನ್ನೂ ಎಬ್ಬಿಸಿ ಅದನ್ನು ಹೇಳಿಯಾರು ಎಂದು ಅವರು ಊಹಿಸಿರಲಾರರು.

ಪ್ರವಾಸ ವೈರಾಗ್ಯದ ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ಹೊರಡುವಾಗ ಸಾಮಾನ್ಯನಾಗಿದ್ದ ಮನುಷ್ಯ ಮರಳುವಾಗ ಮಿತಭಾಷಿಯಾಗಿರುತ್ತಾನೆ ಮತ್ತು ತನ್ನ ಮಿತಭಾಷೆಯ ಬಗ್ಗೆ ಎಡೆಬಿಡದೆ ಮಾತನಾಡುತ್ತಾನೆ. ಏಕಾಂತದ ಮಹತ್ವವನ್ನು ತನ್ನ ಪರಿಚಿತರೆಲ್ಲರಿಗೂ ಒಂದೇ ಗಳಿಗೆಯಲ್ಲಿ ರವಾನಿಸುತ್ತಾನೆ. ಬಾಳಲು ಎಷ್ಟು ಕಡಿಮೆ ವಸ್ತುಗಳು ಸಾಕೆಂಬ ಅರಿವನ್ನು ಎರಡು ಸೂಟ್‌ಕೇಸುಗಳಲ್ಲಿ ತುಂಬಿಕೊಂಡು, ಗಾಲಿ ಮುರಿದದ್ದನ್ನು ಸಹಪ್ರಯಾಣಿಕರ ಕೈಯಲ್ಲಿ ಎತ್ತಿಸಿಕೊಂಡು ಬಂದಿರುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, "ನನ್ನನ್ನು ನಾನೇ ಕಂಡುಕೊಂಡೆ" ಎಂದು ಘೋಷಿಸುತ್ತಾನೆ. ಹೀಗೆ ಕಂಡುಕೊಂಡವರ ಹೇಳಿಕೆಗಳನ್ನು ಒಟ್ಟಿಗೆ ಇಟ್ಟು ಓದಿದರೆ ಬೇರೆ ಬೇರೆ ಊರು, ವಯಸ್ಸು, ಉದ್ಯೋಗಗಳ ಅಷ್ಟೂ ಮಂದಿ ಕಂಡುಕೊಂಡದ್ದು ಒಂದೇ ಆಗಿರುವುದು ತಿಳಿಯುತ್ತದೆ: ಬದುಕು ಚಿಕ್ಕದು, ಈ ಕ್ಷಣವೇ ಸತ್ಯ, ಓಟ ಸಾಕು. ಹಾಗಾದರೆ ಎಲ್ಲರೊಳಗೂ ಇರುವ 'ತಾನು' ಒಂದೇ ಎಂಬ ಅದ್ವೈತ ಸಿದ್ಧಾಂತವು ವಿಮಾನದ ಟಿಕೆಟಿನ ಮೂಲಕ ಸಾಬೀತಾಯಿತೆಂದು ಒಪ್ಪಬೇಕು; ಇಲ್ಲವೇ ಒಬ್ಬರ ಉತ್ತರಪತ್ರಿಕೆಯನ್ನು ಇನ್ನೊಬ್ಬರು ನೋಡಿ ಬರೆದಿದ್ದಾರೆಂದು ಅನುಮಾನಿಸಬೇಕು.

ಅರಿವು ಮೂಡುವ ಸ್ಥಳಗಳ ವಿಷಯವೂ ವಿಚಾರಾರ್ಹವಾಗಿದೆ. ಮನುಷ್ಯ ತನ್ನನ್ನು ಕಳೆದುಕೊಳ್ಳುವುದು ಮನೆಯಲ್ಲೋ ಕಚೇರಿಯಲ್ಲೋ, ಹುಡುಕಲು ಹೋಗುವುದು ಮಾತ್ರ ಕಡಲತೀರಕ್ಕೆ ಅಥವಾ ಗಿರಿಶಿಖರಕ್ಕೆ. ಇವೆರಡರ ನಡುವಿನ ಸಮತಟ್ಟಾದ ನೆಲದಲ್ಲಿ, ಉದಾಹರಣೆಗೆ ಬಸ್ ನಿಲ್ದಾಣದಲ್ಲಿ, ಯಾರಿಗಾದರೂ ಆತ್ಮಜ್ಞಾನವಾದದ್ದನ್ನು ನಾನು ಕೇಳಿಲ್ಲ. ಎತ್ತರದಲ್ಲಿ ಆಗುವ ಜ್ಞಾನಕ್ಕೆ ಶರೀರಶಾಸ್ತ್ರದ ಒಂದು ವಿವರಣೆಯಾದರೂ ಇದೆ. ಸುಮಾರು 2,500 ಮೀಟರ್ ದಾಟಿದ ಮೇಲೆ ಆಮ್ಲಜನಕ ಸಾಲದೆ ಹಲವರಿಗೆ ತಲೆನೋವು, ವಾಕರಿಕೆ, ನಿದ್ದೆಗೇಡು ಶುರುವಾಗುತ್ತವೆ, ತಲೆ ಹಗುರಾದಂತೆ ಅನ್ನಿಸುತ್ತದೆ. 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟಿರುತ್ತದೆ. ಅಲ್ಲಿ ತಲೆ ಹಗುರಾದುದನ್ನು ಅಹಂಕಾರ ಕರಗಿದ್ದೆಂದು ತಿಳಿದವರಿಗೆ ವೈದ್ಯರು ಹೇಳುವುದು ಒಂದೇ, ಕೂಡಲೇ ಕೆಳಗಿಳಿಯಿರಿ. ಕಡಲತೀರದ ಜ್ಞಾನಕ್ಕೆ ಅಂಥ ನೆಪವೂ ಇಲ್ಲ. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಹತ್ತು ದಿನ ಇದ್ದೆನೆಂದು ಅದೇ ಜಾಗದಿಂದ ದಿನಕ್ಕೆರಡು ಬಾರಿ ತಿಳಿಸಿದವರ ತಾಂತ್ರಿಕ ಸಾಧನೆಯ ಬಗ್ಗೆ ಬೇರೆಯೇ ಲೇಖನ ಬರೆಯಬೇಕಾದೀತು.

ಅರಿವನ್ನು ಅರಸಿ ಊರು ಬಿಡುವುದು ಇಂದಿನ ಖಯಾಲಿಯಲ್ಲ. ಜನ ದೇವವಾಣಿ ಕೇಳಲು ಬರುತ್ತಿದ್ದ, ಪ್ರಾಚೀನ ಗ್ರೀಸಿನ ಡೆಲ್ಫಿಯಲ್ಲಿದ್ದ ಅಪೊಲೊ ದೇವಾಲಯದಲ್ಲಿ "ನಿನ್ನನ್ನು ನೀನು ಅರಿ" ಎಂದು ಬರೆಸಿದ್ದರು. ಅದರ ಜೊತೆಗೇ "ಯಾವುದೂ ಅತಿಯಾಗದಿರಲಿ" ಎಂಬ ಇನ್ನೊಂದು ಮಾತೂ ಇತ್ತು. ಇಂದು ಆ ಎರಡನೆಯ ಉಪದೇಶವನ್ನು ವಿಮಾನ ನಿಲ್ದಾಣದ ತೂಕದ ಯಂತ್ರ ಮಾತ್ರ ಪಾಲಿಸಿಕೊಂಡು ಬರುತ್ತಿದೆ. ದೂರದೂರದಿಂದ ಬಂದವರು ಬರಹವನ್ನು ಹಾದು ಒಳಗೆ ಹೋಗಿ ಕೇಳುತ್ತಿದ್ದದ್ದು ಮಾತ್ರ ತಮ್ಮ ಲಾಭನಷ್ಟಗಳನ್ನೇ. ಲಿಡಿಯದ ದೊರೆ ಕ್ರೀಸಸ್ ಅಷ್ಟು ಶ್ರಮವನ್ನೂ ಪಡದೆ ದೂತರನ್ನು ಕಳಿಸಿ, ಪರ್ಷಿಯದ ಮೇಲೆ ದಂಡೆತ್ತಿ ಹೋಗಲೇ ಎಂದು ಕೇಳಿಸಿದನಂತೆ. ಹೋದರೆ ಒಂದು ದೊಡ್ಡ ಸಾಮ್ರಾಜ್ಯ ಉರುಳುತ್ತದೆ ಎಂಬ ಉತ್ತರ ಬಂತು, ಆತ ಹಿಗ್ಗಿ ಹೊರಟ, ಉರುಳಿದ್ದು ಅವನದೇ ಸಾಮ್ರಾಜ್ಯ. ಆತ್ಮಾವಲೋಕನವನ್ನು ದೂತರಿಗೆ ಒಪ್ಪಿಸಿದರೆ ಹೀಗಾಗುತ್ತದೆ. ನನಗೆ ಇದಕ್ಕಿಂತಲೂ ಹಿಡಿಸಿದ ಸಂಗತಿಯೆಂದರೆ, ಚಳಿಗಾಲದ ಮೂರು ತಿಂಗಳು ಅಪೊಲೊ ದೇವರೇ ಡೆಲ್ಫಿಯನ್ನು ಬಿಟ್ಟು ಉತ್ತರದ ಸುಖಜೀವಿಗಳ ನಾಡಿಗೆ ಹೋಗಿಬಿಡುತ್ತಾನೆಂದು ಅಲ್ಲಿನವರು ನಂಬಿದ್ದರು. ಅರಿವಿನ ಅಧಿದೇವತೆಗೇ ವರ್ಷಕ್ಕೆ ಮೂರು ತಿಂಗಳ ರಜೆ! ಆತ ಅಲ್ಲಿಂದ ಬಂದು, ನನ್ನನ್ನು ನಾನು ಕಂಡುಕೊಂಡೆ ಎಂದು ಭಕ್ತರ ಮುಂದೆ ಹೇಳಿಕೊಂಡದ್ದಕ್ಕೆ ಮಾತ್ರ ಯಾವ ದಾಖಲೆಯೂ ಇಲ್ಲ. ಡೆಲ್ಫಿ 1987ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ತಾಣವಾಗಿದೆ. ಆ ಬರಹ ಈಗಿಲ್ಲ, ಕೆಲವು ಕಂಬಗಳಿವೆ. ಪ್ರವಾಸಿಗರು ಕಂಬಗಳಿಗೆ ಬೆನ್ನು ತಿರುಗಿಸಿ ಮೊಬೈಲಿನಲ್ಲಿ ತಮ್ಮ ಮುಖವನ್ನೇ ತದೇಕಚಿತ್ತರಾಗಿ ನೋಡಿಕೊಳ್ಳುತ್ತಾರೆ. ಉಪದೇಶವನ್ನು ಇದಕ್ಕಿಂತ ಅಕ್ಷರಶಃ ಪಾಲಿಸಲು ಸಾಧ್ಯವಿಲ್ಲ.

ಇಷ್ಟಕ್ಕೂ ಮನುಷ್ಯನಿಗೆ ತನ್ನ ಜೊತೆ ಒಬ್ಬನೇ ಕೂರುವುದು ಅಷ್ಟು ಪ್ರಿಯವೇ? 2014ರಲ್ಲಿ ಅಮೆರಿಕದ ಮನೋವಿಜ್ಞಾನಿ ತಿಮೊಥಿ ವಿಲ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರನ್ನು 15 ನಿಮಿಷ ಬರಿಯ ಕೋಣೆಯಲ್ಲಿ ತಮ್ಮ ಯೋಚನೆಗಳೊಡನೆ ಕೂರಿಸಲಾಗಿತ್ತು. ಬೇಕೆನಿಸಿದರೆ ಒತ್ತಲು ಒಂದು ಗುಂಡಿ ಇತ್ತು, ಒತ್ತಿದರೆ ಕರೆಂಟಿನ ಹೊಡೆತ. ಅದು ಅಹಿತಕರವೆಂದು ಮೊದಲೇ ಅನುಭವಿಸಿ ಗೊತ್ತಿದ್ದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿದರು. ತನ್ನ ಸಹವಾಸಕ್ಕಿಂತ ಕರೆಂಟಿನ ಸಹವಾಸವೇ ಲೇಸೆಂದು ಕಾಲು ಗಂಟೆಯೊಳಗೆ ತೀರ್ಮಾನಿಸುವ ಪ್ರಾಣಿಯು ಹತ್ತು ದಿನ ದಡದ ಮೇಲೆ ಒಬ್ಬನೇ ಕುಳಿತು ತನ್ನ ಆಳಕ್ಕಿಳಿದೆನೆಂದರೆ, ಆ ಹತ್ತು ದಿನ ಅವನ ಬೆರಳು ಯಾವ ಗುಂಡಿಯ ಮೇಲಿತ್ತೆಂದು ಕೇಳುವುದು ನ್ಯಾಯ.

ಮರಳಿ ಬಂದ ಮೇಲಿನ ಕತೆ ಬೇಗ ಮುಗಿಯುತ್ತದೆ. 1,530 ಡಚ್ ವಯಸ್ಕರನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರಜೆಗೆ ಹೊರಡುವವರು ಹೊರಡುವ ಮುನ್ನ ಉಳಿದವರಿಗಿಂತ ಹೆಚ್ಚು ಖುಷಿಯಾಗಿದ್ದರು. ಬಂದ ಮೇಲೆ ಅವರಲ್ಲಿ ಬಹುತೇಕರಿಗೂ ಎಲ್ಲಿಗೂ ಹೋಗದವರಿಗೂ ವ್ಯತ್ಯಾಸ ಉಳಿದಿರಲಿಲ್ಲ. ಅಂದರೆ ಪ್ರವಾಸದ ಸಾರವೆಲ್ಲ ಪೆಟ್ಟಿಗೆ ಕಟ್ಟುವುದರಲ್ಲೇ ಇದೆ. ಕಟ್ಟಿದ ಪೆಟ್ಟಿಗೆಯನ್ನು ಬಾಗಿಲ ಬಳಿ ಇಟ್ಟು, ಒಂದು ವಾರ ಅದನ್ನು ನೋಡಿ ಆನಂದಿಸಿ, ಮತ್ತೆ ಬಿಚ್ಚಿಡುವುದೇ ಲಾಭದಾಯಕ. "ಓಟ ಸಾಕು" ಎಂದವರು ಮರುದಿನ ಬೆಳಿಗ್ಗೆ ಲಿಫ್ಟಿನ ಬಾಗಿಲು ಮುಚ್ಚುವ ಗುಂಡಿಯನ್ನು ಮೂರು ಸಲ ಒತ್ತುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಹಾಗೆಂದು ಪ್ರವಾಸದಲ್ಲಿ ಮನುಷ್ಯನಿಗೆ ತನ್ನ ಪರಿಚಯ ಆಗುವುದೇ ಇಲ್ಲವೆಂದರೆ ಸುಳ್ಳಾಗುತ್ತದೆ. ನನಗೆ ಆಗಿದೆ. ವಿಮಾನ ಎರಡು ಗಂಟೆ ತಡವಾದಾಗ, ಆಕಾಶದ ಮೋಡಗಳಿಗೆ ಹೊಣೆಯಲ್ಲದ ಹುಡುಗಿಯೊಬ್ಬಳ ಮುಂದೆ ನಾನು ಯಾವ ಸ್ವರದಲ್ಲಿ ಮಾತನಾಡಬಲ್ಲೆನೆಂದು ಅರಿತೆ. ಕಿಟಕಿಯ ಪಕ್ಕದ ಸೀಟಿಗಾಗಿ ಸ್ವಂತ ಮಗನ ಜೊತೆ ಹಕ್ಕುಬಾಧ್ಯತೆಗಳ ಭಾಷೆಯಲ್ಲಿ ವಾದಿಸಬಲ್ಲೆನೆಂದು ಅರಿತೆ. ಅಪರಿಚಿತ ಊರಿನಲ್ಲಿ ದಾರಿ ತಪ್ಪಿದಾಗ, ದಾರಿ ಕೇಳೋಣವೆಂದು ಹೆಂಡತಿ ನಾಲ್ಕು ಸಲ ಹೇಳಿದರೂ ಕೇಳದೆ ಅದೇ ವೃತ್ತವನ್ನು ಮೂರು ಬಾರಿ ಸುತ್ತಿ, ಕೊನೆಗೆ "ಊರು ನೋಡಿದಂತಾಯಿತು" ಎಂದೆ. ಐದನೆಯ ದಿನ ಕುತೂಹಲ ತಡೆಯಲಾರದೆ ಕಚೇರಿಗೆ ಫೋನ್ ಮಾಡಿ, ನಾನಿಲ್ಲದೆ ಹೇಗೆ ನಡೆಯುತ್ತಿದೆ ಎಂದು ವಿಚಾರಿಸಿದಾಗ, ಆ ಕಡೆಯ ಕಿರಿಯ ಸಹೋದ್ಯೋಗಿ ಬಹಳ ಗೌರವದಿಂದ, "ಸರ್, ನೀವು ರಜೆಯಲ್ಲಿದ್ದೀರಾ?" ಎಂದು ಕೇಳಿದ. ಯಾವ ಶಿಖರವೂ ಯಾವ ಸಾಗರವೂ ಕೊಡಲಾಗದಷ್ಟು ಶುದ್ಧವಾದ ಆತ್ಮಜ್ಞಾನ ಅದು. ಏಳು ಪದರಗಳ ಅಹಂಕಾರ ಒಂದೇ ವಾಕ್ಯಕ್ಕೆ ಸುಲಿದುಹೋಯಿತು.

ಅಂದು ಸಂಜೆ ದಡದಲ್ಲಿ ಕುಳಿತು ಇವೆಲ್ಲವನ್ನೂ ಮೊಬೈಲಿನಲ್ಲಿ ಪ್ರಾಮಾಣಿಕವಾಗಿ ಟೈಪ್ ಮಾಡಿದೆ. ಹುಡುಗಿ, ಕಿಟಕಿ, ವೃತ್ತ, ಫೋನು, ಒಂದನ್ನೂ ಬಿಡಲಿಲ್ಲ. ಎರಡು ಬಾರಿ ಓದಿದೆ. ಹೆಂಡತಿಗೆ ತೋರಿಸಿದೆ, ಆಕೆ ಓದಿ, "ಇದು ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ, ಹೊಸದೇನಿದೆ?" ಎಂದಳು. ಹೊಸದೇನೂ ಇರಲಿಲ್ಲ. ಅಷ್ಟನ್ನೂ ಅಳಿಸಿ, ಮುಳುಗುವ ಸೂರ್ಯನಿಗೆ ಬೆನ್ನು ಹಾಕಿ ನಿಂತು, ನನ್ನ ಚಿತ್ರವೊಂದನ್ನು ನಾನೇ ತೆಗೆದುಕೊಂಡು, ಅದರ ಕೆಳಗೆ "ಮೌನವೂ ಮಾತನಾಡುತ್ತದೆ" ಎಂದು ಬರೆದು ಹಾಕಿದೆ. ಮೊದಲು ಮೆಚ್ಚಿದವನು ಆ ಕಿರಿಯ ಸಹೋದ್ಯೋಗಿ.