ಆಂಟೆನಾ ತಂತಿ ಎತ್ತಲು ಡ್ರೋನ್ ಬೇಕಾ?

ಹ್ಯಾಮ್ ರೇಡಿಯೋದವರು, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೋದಲ್ಲಿ ದೂರದವರ ಜೊತೆ ಮಾತಾಡುವವರು, ಪ್ರಯೋಗಕ್ಕೆಂದು ಉದ್ದ ತಂತಿಯನ್ನು ಡ್ರೋನಿಗೆ ಕಟ್ಟಿ ಮೇಲೆತ್ತುವುದು ಸರಿಯೇ? ಕಲಬುರಗಿಯವರೊಬ್ಬರು ಪರವಾಗಿ, ಬೀದರಿನವರೊಬ್ಬರು ವಿರೋಧವಾಗಿ ಬರೆದಿದ್ದಾರೆ. ಇಬ್ಬರೂ ಲೈಸೆನ್ಸ್ ಇರುವ ಹ್ಯಾಮ್‌ಗಳು.

ಪರ: ನಮ್ಮ ಹೊಲದಲ್ಲಿ ಮರ ಎಲ್ಲಿದೆ, ತೋರಿಸಿ

ಮಲೆನಾಡಿನವರು ಈ ಚರ್ಚೆಯಿಂದ ಸ್ವಲ್ಪ ದೂರ ಇರಲಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ. ಅವರ ಮನೆ ಹಿಂದೆಯೇ ಅಡಿಕೆ ಮರ, ಸಿಲ್ವರ್ ಓಕ್. ಒಂದು ದಾರ ಎಸೆದರೆ ಆಂಟೆನಾ ಕೆಲಸ ಮುಗಿಯಿತು. ನಮ್ಮ ಕಡೆ ಬನ್ನಿ. ಕಲಬುರಗಿಯಿಂದ ಜೇವರ್ಗಿ, ಅಲ್ಲಿಂದ ಶಹಾಪುರದ ತನಕ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಎತ್ತರದ ಮರ ಎಷ್ಟಿವೆ ಎಣಿಸಿ. ತೊಗರಿ, ಜೋಳ, ಹತ್ತಿ, ಮತ್ತೆ ತೊಗರಿ. ಎಲ್ಲೋ ಒಂದು ಬೇವು, ಬದುವಿನ ಮೇಲೆ ಒಂದಿಷ್ಟು ಜಾಲಿ. ಕಂಬ ನೆಡಿ ಅಂತೀರಾ? ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಕಂಬ ಒಂದೇ ವರ್ಷಕ್ಕೆ ಕುಡಿದವನ ಹಾಗೆ ವಾಲಿ ನಿಲ್ಲುತ್ತದೆ.

ಹ್ಯಾಮ್‌ಗೆ ಬೇಕಾದದ್ದು ಎತ್ತರ. 7 ಮೆಗಾಹರ್ಟ್ಸ್‌ನಲ್ಲಿ ಅರ್ಧ ತರಂಗದ ತಂತಿ, ಅಂದರೆ ರೇಡಿಯೋ ಅಲೆಯ ಉದ್ದದ ಅರ್ಧದಷ್ಟು ತಂತಿ, ಸುಮಾರು 20 ಮೀಟರ್. ಅದನ್ನು ನೆಟ್ಟಗೆ ನಿಲ್ಲಿಸಿದರೆ ಸಿಗ್ನಲ್ ನೆಲಕ್ಕೆ ಹತ್ತಿರದ ಕೋನದಲ್ಲಿ ಹೊರಟು ದೂರ ಹೋಗುತ್ತದೆ. 20 ಮೀಟರ್ ಅಂದರೆ ಆರು ಮಹಡಿ. ನಮ್ಮೂರಲ್ಲಿ ನೀರಿನ ಟ್ಯಾಂಕ್ ಕೂಡ ಅಷ್ಟಿಲ್ಲ.

ಈಗ ಕಥೆ ಹೇಳುತ್ತೇನೆ. ಹೋದ ಎಳ್ಳ ಅಮವಾಸ್ಯೆಗೆ ಜೇವರ್ಗಿ ಕಡೆಯ ನಮ್ಮ ಹೊಲಕ್ಕೆ ಇಡೀ ಮನೆ ಹೋಗಿತ್ತು. ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಆಯಿತು, ಚರಗ ಚೆಲ್ಲಿದ್ದಾಯಿತು, ಸಜ್ಜೆ ರೊಟ್ಟಿ, ಭಜ್ಜಿ ತಿಂದು ಎಲ್ಲರೂ ಬನ್ನಿ ಮರದ ಕೆಳಗೆ ಅಡ್ಡಾದರು. ಆ ಹೊಲದಲ್ಲಿ ಇರುವುದು ಅದೊಂದೇ ಮರ, ಎತ್ತರ ನನ್ನ ಎರಡರಷ್ಟು. ನಾನು ತಂತಿ ಹಿಡಿದು ಅದರ ಹತ್ತಿರ ಹೋದೆ. "ಪೂಜಿ ಮಾಡಿದ ಗಿಡಕ್ಕ ತಂತಿ ಕಟ್ಟತೀ? ಕೈ ಮುರೀತೀನಿ" ಅಂದಳು ಆಯಿ. ಮುಗಿಯಿತು.

ನಮ್ಮ ಕಾಕಾನ ಮಗ ಮದುವೆ ವಿಡಿಯೋ ತೆಗೆಯುವವನು. ಅವನ ಡ್ರೋನ್ ಕಾರಿನಲ್ಲಿತ್ತು. ನನ್ನ ಹತ್ತಿರ ಮೋಟರ್ ರಿವೈಂಡಿಂಗ್ ಅಂಗಡಿಯಿಂದ ತಂದ ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಂತಿ. ಲೆಕ್ಕ ಹಾಕಿ ನೋಡಿ, ಅದು ಮೀಟರಿಗೆ ಎರಡು ಗ್ರಾಂ ಕೂಡ ತೂಗುವುದಿಲ್ಲ, 20 ಮೀಟರಿಗೆ 35 ಗ್ರಾಂ. ಒಂದು ನಿಂಬೆಹಣ್ಣು! ತಂತಿಯ ಮೇಲಿನ ತುದಿಗೆ ಮೂರು ಮೀಟರ್ ಗಾಳದ ನೈಲಾನ್ ದಾರ ಕಟ್ಟಿ, ದಾರವನ್ನು ಡ್ರೋನಿಗೆ ಕಟ್ಟಿದೆವು. ಕೆಳಗಿನ ತುದಿಗೆ, ತಂತಿಗೂ ರೇಡಿಯೋಗೂ ಹೊಂದಾಣಿಕೆ ಮಾಡಿಸುವ ಒಂದಕ್ಕೆ ನಲವತ್ತೊಂಬತ್ತರ ಟ್ರಾನ್ಸ್‌ಫಾರ್ಮರ್, ಅದಕ್ಕೆ ರೇಡಿಯೋ, ರೇಡಿಯೋಗೆ ಟ್ರ್ಯಾಕ್ಟರ್ ಬ್ಯಾಟರಿ. ಹೊತ್ತು ಮುಳುಗೋಕೆ ಇನ್ನೂ ಅರ್ಧ ಗಂಟೆ ಇತ್ತು. ಡ್ರೋನ್ ಏರಿತು, ತಂತಿ ನೆಟ್ಟಗಾಯಿತು, ಗುಬ್ಬಿಗಳೆಲ್ಲ ಜೋಳದಿಂದ ಒಮ್ಮೆಲೇ ಎದ್ದವು. ನಾನು ಕರೆ ಕೊಟ್ಟೆ. ಮೂರನೇ ಕರೆಗೆ ಇಂಡೋನೇಷ್ಯಾದವರೊಬ್ಬರು ಉತ್ತರ ಕೊಟ್ಟರು. 20 ವಾಟ್‌ನಲ್ಲಿ! ಆಯಿಗೆ ಇಯರ್‌ಫೋನ್ ಕೊಟ್ಟೆ. "ಯಾರೋ ಸೀನು ಬಂದೋರಂಗ ಮಾತಾಡಾಕತ್ಯಾರ" ಅಂದಳು. ಒಂದು ಸಲ ಮಾತ್ರ ಡ್ರೋನ್ ಸ್ವಲ್ಪ ಹೊರಳಿತು, ಪವರ್ ಇಳಿಸಿದ ಮೇಲೆ ಸುಮ್ಮನಾಯಿತು. ಅದೇನು ದೊಡ್ಡ ಮಾತಲ್ಲ.

ಇದೇನು ಹೊಸ ಹುಚ್ಚು ಅನ್ನುವವರಿಗೆ ಒಂದು ಮಾತು. 1901ರ ಡಿಸೆಂಬರ್ 12ರಂದು ಮಾರ್ಕೋನಿ ಅಟ್ಲಾಂಟಿಕ್ ಆಚೆಯಿಂದ ಬಂದ ಸಿಗ್ನಲ್ ಹಿಡಿದದ್ದು ಹೇಗೆ? ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ ಗಾಳಿಪಟಕ್ಕೆ ತಂತಿ ಕಟ್ಟಿ. ಅದಕ್ಕೂ ಮುಂಚೆ ಬಲೂನು ಹಾರಿಸಿದ್ದರು, ಗಾಳಿ ಕಿತ್ತುಕೊಂಡು ಹೋಯಿತು. ಡ್ರೋನ್ ಇದ್ದಿದ್ದರೆ ಡ್ರೋನನ್ನೇ ಹಾರಿಸುತ್ತಿದ್ದರು, ಇನ್ನೇನು.

ಇನ್ನು ಕಾನೂನು. 2021ರ ಡ್ರೋನ್ ನಿಯಮದಲ್ಲಿ ಹಸಿರು ವಲಯ ಅಂತ ಇದೆ. ಅಲ್ಲಿ 400 ಅಡಿ ತನಕ ಮುಂಚಿತ ಅನುಮತಿ ಬೇಕಿಲ್ಲ. ನಾನು ಹೋದದ್ದು 80 ಅಡಿ ಕೂಡ ಇಲ್ಲ. ಎರಡು ಕೆಜಿ ಒಳಗಿನ ಡ್ರೋನನ್ನು ದುಡ್ಡಿನ ಕೆಲಸಕ್ಕಲ್ಲದೆ ಹಾರಿಸಲು ಪೈಲಟ್ ಲೈಸೆನ್ಸ್ ಕೂಡ ಬೇಡ. ತೊಗರಿಗೆ ಔಷಧಿ ಹೊಡೆಯುವ ಡ್ರೋನ್ ಹತ್ತು ಲೀಟರ್ ಹೊತ್ತು ನಮ್ಮ ತಲೆ ಮೇಲೆ ಓಡಾಡುತ್ತದೆ, ಯಾರೂ ಕೇಳುವುದಿಲ್ಲ. ನನ್ನ ನಿಂಬೆಹಣ್ಣಿನ ತೂಕದ ತಂತಿಗೆ ಎಷ್ಟೊಂದು ಪ್ರಶ್ನೆ.

2020ರ ಅಕ್ಟೋಬರಿನಲ್ಲಿ ಭೀಮಾ ನದಿ ಹೇಗೆ ಉಕ್ಕಿತ್ತು ಅಂತ ಅಫಜಲಪುರ, ಜೇವರ್ಗಿ, ಯಾದಗಿರಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಂಥ ಹೊತ್ತಿನಲ್ಲಿ ಮೊಬೈಲ್ ಟವರ್ ಕೈಕೊಟ್ಟರೆ ಐದು ನಿಮಿಷದಲ್ಲಿ ಆಂಟೆನಾ ನಿಲ್ಲಿಸಲು ಬೇರೆ ಏನಿದೆ? ನೀರಿನ ನಡುವೆ ಕಂಬ ನೆಡುತ್ತೀರಾ? ಹತ್ತಿರದ ಊರಿಗೆ ತಗ್ಗಿನ ತಂತಿಯೇ ಸಾಕು ಅಂತ ಹಿರಿಯರು ಹೇಳುತ್ತಾರೆ. ಇರಬಹುದು, ಹಿರಿಯರು ಎಲ್ಲದಕ್ಕೂ ಸಾಕು ಅನ್ನುತ್ತಾರೆ. ಡ್ರೋನ್ ಬಿದ್ದರೆ ಏನು ಗತಿ ಅಂತಲೂ ಕೇಳುತ್ತಾರೆ. ತೆಂಗಿನಕಾಯಿಯೂ ಬೀಳುತ್ತದೆ, ಹಾಗಂತ ಯಾರಾದರೂ ತೆಂಗಿನ ಮರ ಕಡಿದರಾ?

ವಿರೋಧ: ಬೀದರಿನಿಂದ ಎರಡು ಮಾತು

ಪರ ಬರೆಯಲು ಹತ್ತು ಜನ ಇದ್ದರಂತೆ. ವಿರೋಧಕ್ಕೆ ಯಾರೂ ಸಿಗಲಿಲ್ಲ, ನಿಮಗೆ ವಯಸ್ಸಾಗಿದೆ ಅಲ್ವಾ ಸರ್, ನೀವೇ ಬರೆಯಿರಿ ಅಂದರು ಈ ಚರ್ಚೆ ಬರೆಸುವವರು. ಬರೆಯುತ್ತಿದ್ದೇನೆ.

ತಮ್ಮಾ, ನಿನ್ನ ಹಸಿರು ವಲಯ ನಿನಗಿರಲಿ. ನಾನಿರುವುದು ಬೀದರಿನಲ್ಲಿ. ಇಲ್ಲಿ ವಾಯುಪಡೆಯ ನೆಲೆ ಇದೆ, ಹಾಕ್ ವಿಮಾನದಲ್ಲಿ ಪೈಲಟ್‌ಗಳ ತರಬೇತಿ ನಡೆಯುತ್ತದೆ, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ ತಂಡ ಇರುವುದೂ ಇಲ್ಲೇ. ಮಾಳಿಗೆ ಮೇಲೆ ಹಪ್ಪಳ ಒಣಹಾಕಲು ಹೋದವರು ತಲೆ ಎತ್ತಿದರೆ ವಿಮಾನ. ಅದರ ಜೊತೆಗೆ ನಾನೊಂದು ಡ್ರೋನಿಗೆ ಬಾಲ ಕಟ್ಟಿ ಹಾರಿಸಬೇಕಾ? ಪೊಲೀಸರು ಬಂದರೆ "ನಿಂಬೆಹಣ್ಣಿನಷ್ಟೇ ತೂಕ ಸಾಹೇಬ್ರೆ" ಅಂತ ಹೇಳಲಾ? ಅರ್ಧ ಬೀದರಿಗೆ ಈ ಚರ್ಚೆಯೇ ಇಲ್ಲ. ಆ ಡ್ರೋನ್ ಎಲ್ಲಿಂದ ಬಂತು ಅಂತಲೂ ನಾನು ಕೇಳುವುದಿಲ್ಲ. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ತರಿಸುವುದಕ್ಕೆ ನಿಷೇಧ ಇದೆ ಅನ್ನುವುದನ್ನು ಮಾತ್ರ ನೆನಪಿಸುತ್ತೇನೆ.

ಡ್ರೋನ್ ಹೊರಳಿದ್ದು ದೊಡ್ಡ ಮಾತಲ್ಲವಂತೆ. ಅರ್ಧ ತರಂಗದ ತಂತಿಯ ಎರಡೂ ತುದಿಯಲ್ಲಿ ವೋಲ್ಟೇಜ್ ಜಾಸ್ತಿ, ಇದು ಪರೀಕ್ಷೆಗೆ ಓದಿದ ಪಾಠ. ಮೇಲಿನ ತುದಿಯ ಪಕ್ಕದಲ್ಲೇ ಡ್ರೋನ್. ಅದರ ದಿಕ್ಸೂಚಿ, ಜಿಪಿಎಸ್ ತಲೆ ತಿರುಗದೆ ಇರುತ್ತದಾ? 20 ವಾಟ್‌ಗೆ ಹೊರಳಿದ್ದು 100 ವಾಟ್‌ಗೆ ಏನು ಮಾಡುತ್ತದೆ ಅಂತ ಅವನು ಬರೆದಿಲ್ಲ. ಇಪ್ಪತ್ತು ನಿಮಿಷಕ್ಕೆ ಬ್ಯಾಟರಿ ಖಾಲಿ ಆಗುತ್ತದೆ ಅನ್ನುವುದನ್ನೂ ಬರೆದಿಲ್ಲ. ಪ್ರವಾಹದಲ್ಲಿ ಇಪ್ಪತ್ತು ನಿಮಿಷ ಮಾತಾಡಿ ಆಮೇಲೆ ಚಾರ್ಜಿಗೆ ಎಲ್ಲಿ ಹಾಕುತ್ತಾನೆ? ಮುಳುಗಿದ ಮನೆಯ ಪ್ಲಗ್ಗಿಗಾ? ಈಗಿನ ಹುಡುಗರಿಗೆ ಸಂಪರ್ಕಕ್ಕಿಂತ ಮೇಲಿಂದ ತೆಗೆದ ವಿಡಿಯೋ ಮುಖ್ಯ, ಅಷ್ಟೇ.

ಮರಕ್ಕೆ ದಾರ ಹಾಯಿಸಬೇಕಾದರೆ ಕವಣಿ ಇದೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣಿಯಿಂದ ನಾನು ಹುಣಸೆ ಮರದ ತುದಿಗೆ ದಾರ ಹಾಕಿದ್ದೇನೆ, ಎರಡನೇ ಕಲ್ಲಿಗೆ.

ಮಾರ್ಕೋನಿ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಗಾಳಿಪಟಕ್ಕೆ ತಂತಿ ಕಟ್ಟಿದ್ದು ನಾನೂ. ಆಗ ಹದಿನಾಲ್ಕು ವರ್ಷ. ಸಂಕ್ರಾಂತಿ ಬಂದರೆ ನಮ್ಮ ಬೀದರಿನ ಮಾಳಿಗೆಗಳ ಮೇಲೆ ಪತಂಗ, ಮಾಂಜಾ, ಕೂಗಾಟ ಬಿಟ್ಟು ಬೇರೆ ಏನೂ ಇರುತ್ತಿರಲಿಲ್ಲ. ಮಾಂಜಾ ಬದಲು ತಾಮ್ರದ ತಂತಿ ಕಟ್ಟಿ, ಕೆಳಗಿನ ತುದಿಯನ್ನು ಅಪ್ಪನ ಟ್ರಾನ್ಸಿಸ್ಟರ್ ರೇಡಿಯೋಗೆ ಸೇರಿಸಿದೆ. ಶಾರ್ಟ್‌ವೇವ್‌ನಲ್ಲಿ ಅಲ್ಲಿವರೆಗೆ ಕರಕರ ಅನ್ನುತ್ತಿದ್ದ ಜಾಗದಲ್ಲೆಲ್ಲ ಜನ ಮಾತಾಡುತ್ತಿದ್ದರು. ಒಂದೊಂದು ಭಾಷೆಗೆ ಹೆಸರೂ ಗೊತ್ತಿರಲಿಲ್ಲ. ಒಣ ಗಾಳಿ ಬೀಸುತ್ತಿತ್ತು, ತಂತಿ ಮುಟ್ಟಿದರೆ ಚುರುಕ್ ಅಂತ ಹೊಡೆಯುತ್ತಿತ್ತು. ಹೆದರಿ ಅದನ್ನು ಕಿಟಕಿಯ ಸರಳಿಗೆ ಕಟ್ಟಿ ಪಕ್ಕಕ್ಕೆ ಸರಿದೆ. ನಾನು ಉಳಿದದ್ದು ಅದರಿಂದಲೇ. ಹತ್ತು ನಿಮಿಷ ಆಗಿರಬೇಕು, ಗಾಳಿ ನಿಂತಿತು. ಪತಂಗ ಬೀದಿಯ ಕರೆಂಟ್ ತಂತಿ ಮೇಲೆ ಮಲಗಿತು. ಢಂ ಅಂತ ಸದ್ದು, ಬೀದಿಯೆಲ್ಲ ಕತ್ತಲೆ, ರೇಡಿಯೋದಿಂದ ಹೊಗೆ.

ಸಿಗ್ನಲ್ ಹಿಲ್ ಮೇಲೆ ಕರೆಂಟ್ ಲೈನ್ ಇರಲಿಲ್ಲ, ತಮ್ಮಾ. ನಿಮ್ಮ ಹೊಲಗಳಲ್ಲಿ ಪಂಪ್‌ಸೆಟ್ಟಿಗೆ ಬಂದ ಲೈನ್ ಎಲ್ಲೆಲ್ಲೂ ಇದೆ. ತೆಂಗಿನಕಾಯಿ ಬಿದ್ದರೆ ಒಬ್ಬನ ತಲೆ ಒಡೆಯಬಹುದು. ಅದು ಬೀಳುವಾಗ ಲೈನಿಗೂ ನಿನ್ನ ಕೈಗೂ ನಡುವೆ ತಾಮ್ರ ಎಳೆದುಕೊಂಡು ಬರುವುದಿಲ್ಲ.

ಅಪ್ಪ ಎರಡು ಬಿಗಿದರು. ಲೈನ್‌ಮನ್ ಕಂಬದಿಂದ ಇಳಿದು, ಉಳಿದ ತಂತಿಯನ್ನು ನೀಟಾಗಿ ಸುರುಳಿ ಸುತ್ತಿ ಅಪ್ಪನ ಕೈಗೆ ಕೊಟ್ಟ, ತಾಮ್ರ ತುಟ್ಟಿ ಅಂದ. ಅಪ್ಪ ಅದನ್ನು ಅಟ್ಟದ ಮೇಲೆ ಎಸೆದರು. ಎಷ್ಟೋ ವರ್ಷ ಆದಮೇಲೆ ಲೈಸೆನ್ಸ್ ಬಂದಾಗ ನನ್ನ ಮೊದಲ ಡೈಪೋಲ್, ಅಂದರೆ ಎರಡು ಕಡೆ ಚಾಚಿದ ತಂತಿಯ ಆಂಟೆನಾ, ಮಾಡಿದ್ದು ಅದೇ ತಂತಿಯಿಂದ, ಕಡಿಮೆ ಬಿದ್ದದ್ದಕ್ಕೆ ಬೇರೆ ತುಂಡು ಜೋಡಿಸಿ. ಮಾಳಿಗೆಯಿಂದ ಹಿತ್ತಿಲಿನ ಬೇವಿನ ಮರಕ್ಕೆ ಕಟ್ಟಿದೆ. ಎತ್ತರ ನಾಲ್ಕು ಮೀಟರ್. ಮೊದಲ ರಾತ್ರಿಯೇ ಕೊಲಂಬೊ ಸಿಕ್ಕಿತು.